ಎಣ್ಣೆ ತಿಕ್ಕಿದರೆ ಮಗುವಿನ ತೂಕ ಏರುತ್ತದೆಯೇ?

35 ವಾರಕ್ಕೇ ಹುಟ್ಟಿದ ಮಗು, ಈಗ ಒಂದು ತಿಂಗಳು, ತೂಕ ನಿಧಾನ, ಅತ್ತೆ ಎಣ್ಣೆ ತಿಕ್ಕಬೇಕು ಅಂತಿದ್ದಾರೆ ಎಂದು ಬರೆದಿದ್ದೀರಿ. ನಿಮ್ಮ ಅತ್ತೆಯ ಮಾತಿನಲ್ಲಿ ಹುರುಳಿದೆ.

ಅಮೆರಿಕದ ಮಯಾಮಿಯಲ್ಲಿ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ, ಅವಧಿಗೆ ಮೊದಲೇ ಹುಟ್ಟಿದ 40 ಶಿಶುಗಳ ಅಧ್ಯಯನ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ದಿನಕ್ಕೆ 3 ಸಲ, 15 ನಿಮಿಷದಂತೆ 10 ದಿನ ಮೈ ನೀವಿದರು. ಅವು ದಿನಕ್ಕೆ ಶೇ. 47ರಷ್ಟು ಜಾಸ್ತಿ ತೂಕ ಏರಿದವು. ಕುಡಿದ ಹಾಲು ಮಾತ್ರ ಉಳಿದ ಮಕ್ಕಳಷ್ಟೇ! ಹಿತವಾದ ಒತ್ತಡ ಮಿದುಳಿನಿಂದ ಹೊಟ್ಟೆಯವರೆಗೆ ಹೋಗುವ ವೇಗಸ್ ನರವನ್ನು ಚುರುಕುಗೊಳಿಸುತ್ತದೆ, ಹೊಟ್ಟೆಯ ಚಲನೆ ಸುಧಾರಿಸುತ್ತದೆ ಅನ್ನುವುದು ಮುಂದೆ ಸಿಕ್ಕ ವಿವರಣೆ. ಸುಮ್ನೆ ಗರಿ ಸವರಿದಂತೆ ಮುಟ್ಟಿದರೆ ಅಷ್ಟು ಫಲವಿಲ್ಲ.

ಆದರೆ ತೂಕ ಕೊಡುವುದು ಹಾಲೇ ಅಲ್ವಾ? ಮಸಾಜ್ ಅದರ ಜೊತೆಗಾರ ಅಷ್ಟೇ. ಈ ವಯಸ್ಸಿಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಅಷ್ಟು ಏರದಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಲು ಶುರು ಮಾಡಬಹುದೇ ಎಂದೂ ಆಗಲೇ ಕೇಳಿ.

ಅವರು ಒಪ್ಪಿದರೆ ಶುದ್ಧ ಕೊಬ್ಬರಿ ಎಣ್ಣೆ ಸಾಕು. ಹಾಲು ಕುಡಿಸಿದ ಕೂಡಲೇ ಬೇಡ. ಕೋಣೆ ಬೆಚ್ಚಗಿರಲಿ. ಮೂಗು, ಕಿವಿಗೆ ಎಣ್ಣೆ ಬಿಡುವುದು, ಎದೆ ಹಿಂಡುವುದು, ಸಾಂಬ್ರಾಣಿ ಹೊಗೆ, ಇವು ಮಾತ್ರ ದಯವಿಟ್ಟು ಬೇಡವೇ ಬೇಡ. ಹೊರಗಿನವರನ್ನು ಕರೆಸುವುದಕ್ಕಿಂತ ನೀವೇ ನೀವಿ. ನಿಮ್ಮ ಕೈಯ ಬಿಸಿ ಮಗುವಿಗೆ ಗೊತ್ತು.