ಶಾಸಕರ ಪತ್ರ ಸಿಕ್ಕಿತು ಅಂದರೆ ಹಣ ಬಂತು ಅಂತಲ್ಲ

ಜಮಖಂಡಿ ಕಡೆಯ ನಿಮ್ಮೂರಿನ ಸಮುದಾಯ ಭವನಕ್ಕೆ ಶಾಸಕರು ಪತ್ರ ಕೊಟ್ಟು ಎಂಟು ತಿಂಗಳಾದರೂ ದುಡ್ಡು ಬಂದಿಲ್ಲ, ಯಾರನ್ನು ಕೇಳಬೇಕು ಅಂತ ಕೇಳಿದ್ದೀರಿ. ಶಾಸಕರನ್ನಲ್ಲ, ಬಾಗಲಕೋಟೆಯ ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಿ.

ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ. ಆ ಹಣ ಅವರ ಕೈಗೆ ಬರುವುದೇ ಇಲ್ಲ. ಅವರು ಶಿಫಾರಸು ಮಾಡುತ್ತಾರೆ ಅಷ್ಟೇ. ಅಂದಾಜು ಪಟ್ಟಿ ನೋಡಿ ಮಂಜೂರಾತಿ ಕೊಡುವವರು ಜಿಲ್ಲಾಧಿಕಾರಿ. ಕಟ್ಟುವುದು ನಿರ್ಮಿತಿ ಕೇಂದ್ರದಂಥ ಸಂಸ್ಥೆ. ಕ್ಷೇತ್ರದಲ್ಲಿ ಎಷ್ಟು ಹಳ್ಳಿ ಇವೆ ನೋಡಿ, 2 ಕೋಟಿ ಜಾಸ್ತಿ ಏನಲ್ಲ, ಅಲ್ವಾ?

ಮೊದಲು ಜಾಗದ ಉತಾರ, ಅಂದರೆ ಜಾಗ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ, ತೆಗೆಸಿ. ನಮ್ಮೂರಲ್ಲಿ ಎಡವಿದ್ದೇ ಅಲ್ಲಿ. ಹಿರಿಯರೊಬ್ಬರು ನಾಲ್ಕು ಗುಂಟೆ ಬಾಯಿಮಾತಲ್ಲಿ ದಾನ ಕೊಟ್ಟಿದ್ದರು. ಉತಾರದಲ್ಲಿ ಮಾತ್ರ ಅವರ ಅಪ್ಪನ ಹೆಸರೇ ಇತ್ತು! ಖಾಸಗಿ ಜಾಗ ಅಂತ ಕೆಂಪು ಶಾಯಿಯಲ್ಲಿ ಒಂದು ಸಾಲು ಗೀಚಿ ಫೈಲು ವಾಪಸ್ ಕಳಿಸಿದರು. ಅದನ್ನೂ ನಮಗೆ ಯಾರೂ ಹೇಳಲಿಲ್ಲ. ನಾವು ಸುಮ್ನೆ ಶಾಸಕರನ್ನು ಬೈಕೊಂಡು ಕೂತಿದ್ದೆವು. ಜಾಗ ಪಂಚಾಯಿತಿ ಹೆಸರಿಗೆ ಆದ ಮೇಲೆ ಫೈಲು ಮುಂದೆ ಹೋಯಿತು.

ಕಚೇರಿಯಲ್ಲಿ ಬಾಯಿ ಬಿಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಪತ್ರದ ಸಂಖ್ಯೆ, ತಾರೀಖು ಬರೆಯೋದು ಮರೀಬೇಡಿ.