ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮುಂಚೆ

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ಅಮೆರಿಕದಲ್ಲಿ ಓದುವ ಆಸೆ. ನಮ್ಮ ಕೈಲಿ ವರ್ಷಕ್ಕೆ 25 ಲಕ್ಷ ಆಗಬಹುದು, ಉಳಿದದ್ದು ಸ್ಕಾಲರ್‌ಶಿಪ್ ಸಿಗಬೇಕು. 'ಅರ್ಲಿ ಡಿಸಿಷನ್ ಹಾಕಿ, ಸೀಟು ಗ್ಯಾರಂಟಿ' ಅಂತಾರೆ ಕನ್ಸಲ್ಟೆಂಟ್. ಹಾಕೋಣವೇ?
– ಒಬ್ಬ ತಂದೆ, ಮೈಸೂರು

ನವೆಂಬರ್ ಹತ್ತಿರ ಬಂದರೆ ಸಾಕು, ಇದೇ ಪತ್ರ ಊರು ಬದಲಿಸಿಕೊಂಡು ಬರುತ್ತದೆ. ನಿಮ್ಮ ಲೆಕ್ಕ ನೋಡಿದರೆ ನನ್ನ ಉತ್ತರ: ಬೇಡ.

ಅರ್ಲಿ ಡಿಸಿಷನ್ ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ, ಕಟ್ಟುಪಾಡಿನ ಅರ್ಜಿ. 'ಸೀಟು ಕೊಟ್ಟರೆ ಇಲ್ಲೇ ಸೇರುತ್ತೇನೆ, ಬೇರೆ ಅರ್ಜಿಗಳನ್ನೆಲ್ಲ ವಾಪಸ್ ಪಡೆಯುತ್ತೇನೆ' ಅಂತ ಮಗಳು, ನೀವು, ಕಾಲೇಜಿನ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. (ನಮ್ಮ ಎಷ್ಟೋ ಪಿಯು ಕಾಲೇಜುಗಳಲ್ಲಿ ಪ್ರಿನ್ಸಿಪಾಲರೇ ಕೌನ್ಸೆಲರ್. ಏನಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ಅವರಿಗೂ ಗೊತ್ತಿರುವುದಿಲ್ಲ.) ಡಿಸೆಂಬರ್ ಮಧ್ಯದಲ್ಲಿ ಸೀಟು ಬಂತು ಅಂದುಕೊಳ್ಳಿ. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ, ಹಾಸ್ಟೆಲ್ ಸೇರಿ ವರ್ಷದ ಖರ್ಚು ಸುಮಾರು 90,000 ಡಾಲರ್. ಅವರು ಎಷ್ಟು ನೆರವು ಕೊಡುತ್ತಾರೋ ಅಷ್ಟೇ. ಹೋಲಿಸಿ ನೋಡಲು ಇನ್ನೊಂದು ಆಫರ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ನಿಜ. ಆದರೆ ಬೇರೆ ಕಾಲೇಜುಗಳ ಮಾಮೂಲಿ ಅರ್ಜಿಗೆ ಜನವರಿ ಮೊದಲ ವಾರದ ಕೊನೆ ದಿನಾಂಕಗಳು ತಲೆ ಮೇಲೇ ಇರುತ್ತವೆ. ಆ ಅರ್ಜಿಗಳ ಜೊತೆ ಕಳಿಸಬೇಕಾದ ಪ್ರಬಂಧಗಳು ಸಿದ್ಧವಿಲ್ಲದಿದ್ದರೆ ಪರದಾಟ.

ಗ್ಯಾರಂಟಿ ಅನ್ನುವುದು ಶುದ್ಧ ಸುಳ್ಳು. ಅರ್ಲಿಯಲ್ಲಿ ಆಯ್ಕೆಯ ಪ್ರಮಾಣ ಜಾಸ್ತಿ ಕಾಣುತ್ತದೆ, ಯಾಕೆಂದರೆ ಕೋಚ್‌ಗಳು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳೂ ಅದರಲ್ಲೇ ಇರುತ್ತಾರೆ. ಮೇಲಾಗಿ, ವಿದೇಶಿ ಮಕ್ಕಳು ನೆರವು ಕೇಳಿದರೆ ಹೆಚ್ಚಿನ ಕಾಲೇಜುಗಳು ಆಯ್ಕೆ ಮಾಡುವಾಗ ಅದನ್ನೂ ತೂಗಿ ನೋಡುತ್ತವೆ. ಹಾಗೆ ನೋಡದ ಕಾಲೇಜುಗಳು ಕೆಲವೇ. ಬ್ರೌನ್, ಡಾರ್ಟ್‌ಮತ್, ಆಮ್ಹರ್ಸ್ಟ್ ಆ ಸಾಲಿನವು. ಮಗಳು ಇವುಗಳಲ್ಲೊಂದನ್ನೇ ಹಿಡಿದು ಕೂತಿದ್ದರೆ ಮಾತ್ರ ಅರ್ಲಿ ಡಿಸಿಷನ್ ಯೋಚಿಸಿ.

'ಈಗ ನೆರವು ಕೇಳಬೇಡಿ, ಸೇರಿದ ಮೇಲೆ ಕೇಳೋಣ' ಅನ್ನುವ ಕನ್ಸಲ್ಟೆಂಟ್ ಹತ್ತಿರ ಮತ್ತೆ ಹೋಗಬೇಡಿ. ಮೊದಲ ವರ್ಷ ಕೇಳದ ವಿದೇಶಿ ವಿದ್ಯಾರ್ಥಿಗೆ ಎಷ್ಟೋ ಕಡೆ ಆಮೇಲೆ ಬಾಗಿಲೇ ಇಲ್ಲ.

ನಿಮಗೆ ಹೊಂದುವುದು ಅರ್ಲಿ ಆಕ್ಷನ್, ಅಂದರೆ ಸೇರಲೇಬೇಕೆಂಬ ಷರತ್ತಿಲ್ಲದ ಮುಂಚಿತ ಅರ್ಜಿ. ಉದಾಹರಣೆಗೆ ಅಮೆರಿಕದ ಎಂಐಟಿ. ಕಟ್ಟುಪಾಡಿಲ್ಲ, ಮೇ 1ರವರೆಗೆ ಎಲ್ಲ ಆಫರ್ ಮುಂದಿಟ್ಟುಕೊಂಡು ಯೋಚಿಸಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನಲ್ಲೂ ಸೇರಲೇಬೇಕು ಅಂತಿಲ್ಲ. ಆದರೆ ಅಲ್ಲಿ ಅರ್ಲಿ ಹಾಕಿದರೆ ಅಮೆರಿಕದ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕುವ ಹಾಗಿಲ್ಲ.

ಪ್ರಶ್ನೆ: ಗೊತ್ತಾಗದ ಹಾಗೆ ಎರಡು ಕಡೆ ಅರ್ಲಿ ಡಿಸಿಷನ್ ಹಾಕಬಹುದೇ?
ಇಲ್ಲ. ಸಿಕ್ಕಿಬಿದ್ದರೆ ಎರಡೂ ಹೋಗುತ್ತವೆ.

ಪ್ರಶ್ನೆ: ಸೀಟು ಬಂದ ಮೇಲೆ ಕೈಕೊಟ್ಟರೆ ಕೋರ್ಟಿಗೆ ಎಳೆಯುತ್ತಾರಾ?
ಇಲ್ಲ. ಕೆಡುವುದು ಸಹಿ ಹಾಕಿದ ನಿಮ್ಮ ಪಿಯು ಕಾಲೇಜಿನ ಹೆಸರು.

ಪ್ರಶ್ನೆ: ಅರ್ಲಿ ಹಾಕಿದ್ದೇವೆ, ಸಿಇಟಿ ಬಿಡಬಹುದಾ?
ಸುಮ್ನೆ ಬರೆಸಿ. ವೀಸಾ ಇನ್ನೂ ಕೈಗೆ ಬಂದಿಲ್ಲ ಅಲ್ವಾ?