ಕುಮಟಾದಿಂದ ಗೋಕರ್ಣಕ್ಕೆ, ದಂಡೆಯ ಮೇಲೆ ನಾಲ್ಕು ದಿನ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ನನ್ನ ಪತ್ನಿಗೆ 61. ಇಬ್ಬರೂ ದಿನಕ್ಕೊಂದು ಗಂಟೆ ತಪ್ಪದೆ ನಡೆಯುತ್ತೇವೆ. ನನಗೆ ಆಗಾಗ ಮೊಣಕಾಲು ನೋವು, ಅವಳಿಗೆ ಸಕ್ಕರೆ ಕಾಯಿಲೆ. ಕುಮಟಾದಿಂದ ಗೋಕರ್ಣದವರೆಗೆ ಕಡಲ ದಂಡೆಯಲ್ಲೇ ನಡೆದುಹೋಗಬೇಕೆಂಬುದು ನಮ್ಮ ಬಹಳ ವರ್ಷಗಳ ಆಸೆ. ತರುಣರು ಎರಡೇ ದಿನದಲ್ಲಿ ಮುಗಿಸುತ್ತಾರಂತೆ. ನಮ್ಮಿಂದಾದೀತೇ? ರಾತ್ರಿ ಮರಳಿನ ಮೇಲೆ ಡೇರೆ ಹಾಕಬಹುದೇ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಖಂಡಿತ ಆಗುತ್ತದೆ, ಆದರೆ ಎರಡು ದಿನದ ಲೆಕ್ಕವನ್ನು ಮರೆತು ನಾಲ್ಕು ದಿನ ಇಟ್ಟುಕೊಳ್ಳಿ. ನಾನೂ ನನ್ನ ಪತಿಯೂ ಅರವತ್ತು ದಾಟಿದ ಮೇಲೆಯೇ ಈ ದಾರಿ ನಡೆದವರು. ಮೊದಲ ದಿನ ನಾವು ಕಿಲೋಮೀಟರುಗಳನ್ನಷ್ಟೇ ಎಣಿಸಿ, ಭರತ-ಇಳಿತದ ವೇಳೆಯನ್ನು ನೋಡದೆ ಹೊರಟೆವು. ನೀರು ಏರುತ್ತ ಬಂದು ಗಟ್ಟಿ ಮರಳೆಲ್ಲ ಮುಳುಗಿದ ಮೇಲೆ, ಮೇಲಿನ ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಹೂತು, ಮಧ್ಯಾಹ್ನದ ಹೊತ್ತಿಗೆ ಇಬ್ಬರ ಮೀನಖಂಡಗಳೂ ಕಲ್ಲಾಗಿದ್ದವು.

ಆದ್ದರಿಂದ ಮೊದಲು ಪಂಚಾಂಗ ತೆಗೆಯಿರಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಕರಾವಳಿಯಲ್ಲಿ ಭರತ ಜೋರಾಗಿರುವುದಲ್ಲದೆ ಹೆಚ್ಚುಕಡಿಮೆ ನಡುಬೆಳಗಿಗೇ ಬರುತ್ತದೆ, ಎಂದರೆ ನೀವು ನಡೆಯಬೇಕಾದ ಹೊತ್ತಿಗೇ ನೀರು ಮೇಲಿರುತ್ತದೆ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಪಂಚಮಿಯ ಆಸುಪಾಸಿನಲ್ಲಿ ಹೊರಟರೆ ಅಷ್ಟಮಿಯವರೆಗೂ ನಿಮ್ಮ ಬೆಳಗಿನ ನಡಿಗೆ ಇಳಿಯುವ ನೀರಿನ ಜೊತೆಗೇ ಸಾಗುತ್ತದೆ. ಹೊರಡುವ ಮುನ್ನ ಆ ದಿನಗಳ ಭರತ-ಇಳಿತದ ಕೋಷ್ಟಕವನ್ನು ತಪ್ಪದೆ ನೋಡಿ. ಮೀನುಗಾರರನ್ನು ಕೇಳಿದರೆ ಇನ್ನೂ ಒಳ್ಳೆಯದು. ನೀರು ಇಳಿದಾಗ ಬಿಡುವ ಒದ್ದೆ ಮರಳು ಗಟ್ಟಿ ಮಾತ್ರವಲ್ಲ, ಹೆಚ್ಚು ಸಮತಟ್ಟು ಕೂಡ. ನಿಮ್ಮ ಮೊಣಕಾಲಿಗೆ ಇದು ಮುಖ್ಯ: ಉತ್ತರಕ್ಕೆ ನಡೆಯುವವರಿಗೆ ಕಡಲು ಸದಾ ಎಡಕ್ಕಿರುವುದರಿಂದ, ಇಳಿಜಾರು ದಂಡೆಯಲ್ಲಿ ಎಡಗಾಲು ಗಂಟೆಗಟ್ಟಲೆ ತಗ್ಗಿನಲ್ಲೇ ಬಿದ್ದು ಸೊಂಟವೂ ಮೊಣಕಾಲೂ ನೋಯತೊಡಗುತ್ತವೆ.

ಡಿಸೆಂಬರ್, ಜನವರಿ ಒಳ್ಳೆಯ ತಿಂಗಳುಗಳು. ಆಗಲೂ ಹತ್ತೂವರೆ ಹನ್ನೊಂದಕ್ಕೆ ನಡಿಗೆ ನಿಲ್ಲಿಸಿ.

ಮೊದಲ ದಿನ ಕುಮಟಾದ ಕಡ್ಲೆ ದಂಡೆಯಿಂದ (ಗೋಕರ್ಣದ ಕುಡ್ಲೆ ಬೇರೆ, ಅದು ಕೊನೆಯ ದಿನ ಸಿಗುತ್ತದೆ) ಬಾಡದವರೆಗೆ, ಎರಡನೆಯ ದಿನ ಕಾಗಾಲದ ಮೇಲೆ ಅಘನಾಶಿನಿ ಊರಿನವರೆಗೆ ಹೋದರೆ ಸಾಕು. ಅಲ್ಲಿ ನದಿ ಅಡ್ಡ ಬರುತ್ತದೆ. ಶಿರಸಿಯ ಕಡೆ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಅಘನಾಶಿನಿಯ ಅಳಿವೆ 2024ರಲ್ಲಿ, ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಸಾಣಿಕಟ್ಟಾದ ಉಪ್ಪಿನಾಗರಗಳೂ, ಇಳಿತದ ವೇಳೆ ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪು ಆಯುವವರ ಬದುಕೂ ಇದೇ ನೀರನ್ನು ನಂಬಿವೆ. ಇಲ್ಲಿ ಅರ್ಧ ದಿನ ಸುಮ್ಮನೆ ಕುಳಿತಿರಿ; ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಮೂರನೆಯ ದಿನ ತಾರಿಯಲ್ಲಿ, ಎಂದರೆ ದೋಣಿಯಲ್ಲಿ, ನದಿ ದಾಟಿ ತದಡಿಗೆ ಹೋಗಿ, ಬೇಲೆಕಾನಿನಲ್ಲಿ ಉಳಿಯಿರಿ.

ಕೊನೆಯ ದಿನವೇ ಕಠಿಣ. ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ಒಂದೊಂದು ಬೀಚಿನ ನಡುವೆಯೂ ಗುಡ್ಡ ಚಾಚಿಕೊಂಡಿದೆ. ಹತ್ತುವುದಕ್ಕಿಂತ, ಕೆಂಪುಕಲ್ಲಿನ ಪುಡಿ ಜಾರುವ ಕಾಲುದಾರಿಯಲ್ಲಿ ಇಳಿಯುವುದು ಮೊಣಕಾಲಿಗೆ ಹೆಚ್ಚು ತ್ರಾಸ. ಇಬ್ಬರಿಗೂ ಒಂದೊಂದು ಊರುಗೋಲು ಇರಲಿ. ಗುಡ್ಡ ಹತ್ತಿಳಿಯುವ ಬದಲು ಅಲೆ ಬಡಿಯುವ ಬಂಡೆಗಳ ಮೇಲಿಂದ ಹತ್ತಿರದ ದಾರಿ ಹುಡುಕಬೇಡಿ. ಆಯಾಸವಾದರೆ ಓಂ ಬೀಚಿನಲ್ಲಿ ನಿಲ್ಲಿಸಿ, ಅಲ್ಲಿಂದ ಗೋಕರ್ಣಕ್ಕೆ ವಾಹನ ಸಿಗುತ್ತದೆ.

ನಿಮ್ಮ ಪತ್ನಿಯವರು ಮರಳು ಎಷ್ಟೇ ಮೆತ್ತಗಿದ್ದರೂ ಬರಿಗಾಲಿನಲ್ಲಿ ನಡೆಯಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದ್ದರೆ ಚಿಪ್ಪು ಕೊಯ್ದದ್ದೂ ಮರಳು ಸುಟ್ಟದ್ದೂ ತಿಳಿಯುವುದಿಲ್ಲ. ಪ್ರತಿ ಸಂಜೆ ನೀವೇ ಅವರ ಪಾದಗಳನ್ನು ಬೆಳಕಿನಲ್ಲಿ ನೋಡಿ. ಹೆಚ್ಚು ನಡೆದ ದಿನ ಸಕ್ಕರೆ ಅಂಶ ಹಠಾತ್ತನೆ ಇಳಿಯಬಹುದಾದ್ದರಿಂದ ಮಾತ್ರೆ ಅಥವಾ ಇನ್ಸುಲಿನ್ನಿನ ಪ್ರಮಾಣವನ್ನು ವೈದ್ಯರ ಬಳಿ ಮೊದಲೇ ಮಾತನಾಡಿಕೊಳ್ಳಿ. ಗ್ಲೂಕೋಸ್ ಪುಡಿ ಕೈಗೆ ಸಿಗುವಂತಿರಲಿ.

ಡೇರೆ ಬೇಡ. ಮನೆಗಳಲ್ಲಿ ಉಳಿಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡರೆ ನಿಮಗೂ ನಿದ್ದೆ, ಹೊರೆಯೂ ಕಡಿಮೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ: ಚಳಿಗಾಲದ ರಾತ್ರಿಗಳಲ್ಲಿ ಈ ಕರಾವಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಂಕಿ, ಟಾರ್ಚು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆಯೇ ಹಿಂದಿರುಗಬಹುದು, ಮರಿಗಳು ನೀರಿನ ದಿಕ್ಕು ತಪ್ಪುತ್ತವೆ. ಬೆಳಗಿನ ನಡಿಗೆಯಲ್ಲಿ, ನೀರಿನಿಂದ ಮೇಲಿನ ಒಣ ಮರಳಿನವರೆಗೆ ಅಗಲವಾದ ಗಾಲಿಯ ಗುರುತಿನಂಥ ಜಾಡು ಕಂಡರೆ ಅದನ್ನು ತುಳಿಯದೆ, ಕೆದಕದೆ, ಹತ್ತಿರದ ಮೀನುಗಾರರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ.